ದಿಬ್ಬದ ಓಣಿಯ ಮೀಸಲು ಕೊಡ

ವಾಲ್ವ್ ತೆರೆಯುವುದನ್ನು ನಾನು ಒಂದೇ ದಿನದಲ್ಲಿ ಕಲಿತೆ. ಮುಚ್ಚುವುದೆಂದರೆ ಏನೆಂದು ತಿಳಿಯಲು ಹನ್ನೊಂದು ವರ್ಷ ಹಿಡಿಯಿತು. ಅಷ್ಟರಲ್ಲಿ ದಿಬ್ಬದ ಓಣಿಯಲ್ಲಿ ಮೂರು ಜನ ಮಣ್ಣಾಗಿದ್ದರು, ನಾಲ್ಕನೆಯವನು ದವಾಖಾನೆಯ ನೆಲದ ಮೇಲೆ ಮಲಗಿದ್ದ.

ಊರಿನ ಹೆಸರು ಬೇಡ. ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರು ನೋಡಿರುತ್ತಾರೆ: ಕಂಬಗಳ ಮೇಲೆ ನಿಂತ ನೀರಿನ ಟಾಕಿ, ಅದರಾಚೆ ಒಂದು ಕಲ್ಲುದಿಬ್ಬ, ದಿಬ್ಬದ ಮೈ ಹಿಡಿದು ಏರಿಹೋದ ಓಣಿ. ನಾನು ಆ ಊರಿನ ನೀರು ಬಿಡುವವನು. ಆಫೀಸಿನ ಕಾಗದದಲ್ಲಿ ವಾಲ್ವ್‌ಮನ್, ಜನರ ಬಾಯಲ್ಲಿ ವಾಲ್‌ಮನ್, ಮುದುಕಿಯರ ಬಾಯಲ್ಲಿ ಬರೀ ‘ನೀರಪ್ಪ’.

ಕೆಲಸ ಹೇಳಲು ಸುಲಭ. ಹಳ್ಳದ ಮರಳಿನಲ್ಲಿ ತೋಡಿದ ಬಾವಿಯಿಂದ ಪಂಪು ನೀರನ್ನು ಟಾಕಿಗೆ ಎತ್ತುತ್ತದೆ. ಟಾಕಿಯಿಂದ ಇಳಿದ ನೀರನ್ನು ನಾನು ಓಣಿಗಳಿಗೆ ಹಂಚುತ್ತೇನೆ. ನನ್ನ ಎದೆಯ ಎತ್ತರಕ್ಕೆ ಬರುವ ಕಬ್ಬಿಣದ ಚಾವಿಯನ್ನು ಸೈಕಲ್ಲಿಗೆ ಉದ್ದಕ್ಕೆ ಕಟ್ಟಿಕೊಂಡು ಹೋಗಿ, ಓಣಿಯ ಬಾಯಲ್ಲಿರುವ ಕಲ್ಲುಚಪ್ಪಡಿ ಸರಿಸಿ, ಚಾವಿಯನ್ನು ವಾಲ್ವಿನ ತಲೆಗೆ ಕೂಡಿಸಿ ತಿರುಗಿಸಬೇಕು. ಬೇಸಿಗೆಯಲ್ಲಿ ಹಳ್ಳ ಸೊರಗಿ ಟಾಕಿ ಅರ್ಧಕ್ಕಿಂತ ಮೇಲೆ ಏರುತ್ತಿರಲಿಲ್ಲ. ಆಗ ಪಾಳಿ. ಒಂದು ಓಣಿಗೆ ಮೂರು ದಿನಕ್ಕೊಮ್ಮೆ, ಮುಂಜಾನೆ ಒಂದೂವರೆ ತಾಸು ನೀರು. ಒಂದು ಮುಚ್ಚಿ ಸೈಕಲ್ ತುಳಿದು ಇನ್ನೊಂದು ತೆರೆಯುವುದು. ಮುಚ್ಚಿದ ಓಣಿಯನ್ನು ತಿರುಗಿ ನೋಡುವಷ್ಟು ಪುರಸೊತ್ತು ಯಾರಿಗಿತ್ತು?

ದಿಬ್ಬದ ಓಣಿಗೆ ಇಪ್ಪತ್ತರಷ್ಟು ಮನೆ. ವಾಲ್ವ್ ಇದ್ದದ್ದು ಬುಡದಲ್ಲಿ, ಬಡಿಗನ ಮನೆಯ ಕಟ್ಟೆಗೆ ಹತ್ತಿ. ತುದಿಯಲ್ಲಿ ನಾಲ್ಕು ಮನೆಯ ಒಂದು ಸಾಲು, ಅದರಲ್ಲೂ ಕಟ್ಟಕಡೆಯದು ಮಂಡಕ್ಕಿ ಭಟ್ಟಿಯ ಅವ್ವನದು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಭತ್ತ ನೆನೆಸಿ, ಕುದಿಸಿ, ಒಣಗಿಸಿ, ಕಾದ ಮರಳಿನಲ್ಲಿ ಹುರಿದು ಮಂಡಕ್ಕಿ ಮಾಡಿ ಸಂತೆಗೆ ಒಯ್ಯುತ್ತಿದ್ದಳು. ನೆನೆಸಲು ನೀರು ಬೇಕು. ನನ್ನ ನೀರು ದಿಬ್ಬ ಏರುತ್ತಿರಲಿಲ್ಲ. ಕಾನೂನಿನ ಪ್ರಕಾರ ನಳವನ್ನು ಸೊಂಟದ ಎತ್ತರಕ್ಕೆ ನಿಲ್ಲಿಸಿದ್ದರು, ಅಷ್ಟು ಎತ್ತರಕ್ಕೆ ಬರಲು ಟಾಕಿಯಲ್ಲಿ ತ್ರಾಣ ಇರಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲೇ ಅವ್ವ ನನ್ನನ್ನು ತಡೆದು ಕೇಳಿದ್ದು ಇನ್ನೂ ನೆನಪಿದೆ.

“ತಮ್ಮಾ, ನಿನ್ನ ನೀರಿಗೆ ಮೊಣಕಾಲು ನೋವೈತೇನು? ದಿಬ್ಬ ಹತ್ತವಲ್ದು.”

ನಕ್ಕೆ, ಆದರೆ ಮನಸ್ಸಿಗೆ ನಾಟಿತು. ಒಂದು ಮಧ್ಯಾಹ್ನ ಸ್ಪ್ಯಾನರು, ಗುದ್ದಲಿ ಹಿಡಿದುಕೊಂಡು ಹೋದೆ. ನಿಂತ ಪೈಪನ್ನು ಬಿಚ್ಚಿ ಹಾಕಿದೆ. ಅದರ ಬುಡದಲ್ಲಿ ಒಬ್ಬರು ಕುಕ್ಕರಗಾಲಲ್ಲಿ ಕೂರುವಷ್ಟು ಅಗಲ, ತೊಡೆಯಷ್ಟು ಆಳ ಗುಂಡಿ ತೋಡಿ ಪೈಪಿನ ಬಾಯನ್ನು ತಳದಲ್ಲಿ ಬಿಟ್ಟೆ. ಸೊಂಟಕ್ಕೆ ಏರದ ನೀರು ಗುಂಡಿಗಾದರೂ ಬಂದೀತಲ್ಲ. ಬಂತು. ಮುಂದಿನ ಪಾಳಿಯಲ್ಲಿ ಅವ್ವ ಗುಂಡಿಯೊಳಗೆ ಇಳಿದು ಕೊಡದ ಮೇಲೆ ಕೊಡ ತುಂಬಿ ಎತ್ತಿಕೊಟ್ಟಳು. ಮೇಲೆ ನಿಂತು ಇಸಿದುಕೊಂಡವನು ನಾನೇ. ಎಣ್ಣೆ, ಈರುಳ್ಳಿ, ಹಸಿಮೆಣಸಿನಕಾಯಿ ಕಲಸಿದ ಮಂಡಕ್ಕಿಯನ್ನು ಮೊರದ ತುಂಬ ಹಾಕಿಕೊಟ್ಟಳು.

ಆ ಸುದ್ದಿ ದಿಬ್ಬ ಇಳಿಯಲು ಹೊತ್ತು ಹಿಡಿಯಲಿಲ್ಲ. ಎರಡು ಬೇಸಿಗೆಯಲ್ಲಿ ಓಣಿಯ ಎಲ್ಲ ಮನೆಗಳ ಮುಂದೂ ಗುಂಡಿ. ಮೇಲಿನವರು ತೋಡಿದರೆ ತಮ್ಮ ನೀರು ಹೋಯಿತೆಂದು ಕೆಳಗಿನವರೂ ತೋಡಿದರು. ಬಡಿಗ ನನಗೆ ‘ಗುಂಡಿ ಇಂಜಿನಿಯರ್ರು’ ಅಂತ ಹೆಸರಿಟ್ಟ. ಆಫೀಸಿನವರು ನೋಡಿಯೂ ನೋಡದ ಹಾಗೆ ಇದ್ದರು. ನನಗೂ ಒಳಗೊಳಗೇ ಹೆಮ್ಮೆ, ಇಲ್ಲವೆಂದರೆ ಸುಳ್ಳಾದೀತು.

ಇನ್ನೆರಡು ಸಂಗತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಗುಂಡಿಯ ಪೈಪಿಗೆ ಯಾರೂ ತಿರುಪಿನ ನಳ ಕೂಡಿಸುತ್ತಿರಲಿಲ್ಲ. ಬಾಯಿ ತೆರೆದೇ ಇರುತ್ತಿತ್ತು. ನೀರು ಬರುವ ಮೊದಲು ಪೈಪಿನಲ್ಲಿ ಗಾಳಿ ಸುಯ್‌ಗುಡುತ್ತದೆ. ಆ ಸದ್ದು ಕೇಳಿಯೇ ಹೆಂಗಸರು ಕೊಡ ಹಿಡಿದು ಓಡಿಬರುತ್ತಿದ್ದರು. ಎರಡನೆಯದು, ಮೀಸಲು. ಪಾಳಿಯಲ್ಲಿ ಬಂದ ಮೊದಲ ಕೊಡವನ್ನು ಯಾರೂ ಎಂಜಲು ಮಾಡುವ ಹಾಗಿಲ್ಲ. ಅದು ನೆಟ್ಟಗೆ ದೇವರ ಜಗಲಿಗೆ, ಅಲ್ಲಿಂದ ಕುಡಿಯುವ ಗಡಿಗೆಗೆ. ಆಮೇಲಿನ ಕೊಡಗಳು ಅಡುಗೆಗೆ, ಕಡೆಯವು ಬಟ್ಟೆಗೆ, ಎಮ್ಮೆಗೆ. ನಮ್ಮ ಹಿರಿಯರು ಬಾವಿಯಲ್ಲಿ ಬೆಳಗಿನ ಮೊದಲ ಕೊಡವನ್ನು ಮೀಸಲೆಂದು ಎತ್ತಿಡುತ್ತಿದ್ದರು, ಕಲಕದ ತಿಳಿನೀರೆಂದು. ಬಾವಿ ಹೋಗಿ ನಳ ಬಂದ ಮೇಲೂ ಜನ ಆ ಪದ್ಧತಿ ಬಿಡಲಿಲ್ಲ.

ಆ ವರ್ಷ ಯುಗಾದಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು. ದಿಬ್ಬದ ಓಣಿಯ ಪಾಳಿ ಇನ್ನೇನು ಮುಗಿಯುವುದರಲ್ಲಿತ್ತು. ಬಡಿಗನ ಕಟ್ಟೆಯ ಹತ್ತಿರ ಚಾವಿ ಹಿಡಿದು ನಿಂತಿದ್ದೆ. ಕೂಡ್ಲಿಗಿ ಕಡೆಯ ಬಸ್ಸು ಇಳಿದು ಅವ್ವ ಬಂದಳು. ಆ ಕಡೆಯ ಹಳ್ಳಿಯಲ್ಲಿ ಅವಳ ಅಕ್ಕನಿಗೆ ಹುಷಾರಿಲ್ಲವೆಂದು ನಾಲ್ಕು ದಿನದ ಹಿಂದೆ ಹೋಗಿದ್ದಳು. ಏನವ್ವಾ ಅಂದೆ.  ದೂರ ಇರು ಎಂದು ಕೈಯಿಂದ ಸನ್ನೆ ಮಾಡಿ ದಿಬ್ಬ ಹತ್ತಿದಳು. ಅಕ್ಕ ತೀರಿಹೋಗಿದ್ದಾಳೆ ಅಂತ ತಿಳಿಯಿತು. ಸಾವಿನ ಮನೆಯಿಂದ ಬಂದವರು ಹೊಸ್ತಿಲು ತುಳಿಯುವ ಮೊದಲು ಹೊರಗೇ ತಲೆಮೇಲೆ ಸುರಿದುಕೊಂಡು, ಉಟ್ಟಿದ್ದನ್ನೂ ಗಂಟಿನ ಬಟ್ಟೆಯನ್ನೂ ಹಿಂಡಿ ಹಾಕಬೇಕು. ಪಾಪ, ನೀರು ನಿಂತುಹೋದರೆ ಮುದುಕಿ ಹೇಗೆ ಮೀಯಬೇಕು? ಬಡಿಗ ಹೊತ್ತಾಯಿತೆಂದು ನೆನಪು ಮಾಡಿದ. ನಾನು ಬೀಡಿ ಹಚ್ಚಿ ಒಂದು ಕಾಲು ತಾಸು ಹೆಚ್ಚಿಗೆ ನೀರು ಬಿಟ್ಟೆ. ಅವಳ ಸ್ನಾನ ಮುಗಿದಿರಬೇಕೆಂದು ಅನ್ನಿಸಿದ ಮೇಲೆ ಮುಚ್ಚಿ, ಸೈಕಲ್ ಹತ್ತಿದೆ.

ಮೂರು ದಿನಕ್ಕೆ ಮತ್ತೆ ಪಾಳಿ. ಅದರ ಮಾರನೆಯ ಮುಂಜಾನೆ ಬಡಿಗನಿಗೆ ವಾಂತಿ-ಭೇದಿ ಶುರುವಾಯಿತು. ಊಟದ ಹೊತ್ತಿಗೆ ಕಣ್ಣು ಗುಳಿ ಬಿದ್ದಿದ್ದವು, ಬೆರಳ ತುದಿಗಳು ನೀರಿನಲ್ಲಿ ನೆನೆದವರ ಹಾಗೆ ಮುದುಡಿದ್ದವು. ನಮ್ಮೂರ ದವಾಖಾನೆಯಲ್ಲಿ ಏರಿಸಲು ಸಲೈನ್ ಬಾಟಲಿ ಇರಲಿಲ್ಲ. ಹರಪನಹಳ್ಳಿಗೆ ಒಯ್ಯಲು ಜೀಪು ಹೊಂದಿಸುವಷ್ಟರಲ್ಲಿ ಸಂಜೆ ಐದು. ದಾರಿಯಲ್ಲೇ ಹೋದ. ಮುಂಜಾನೆ ಮರ ಉಜ್ಜುವ ರಂದೆ ಹಿಡಿದಿದ್ದ ಮನುಷ್ಯ, ಹೊತ್ತು ಮುಳುಗುವುದರೊಳಗೆ ಇಲ್ಲ. ಅವನ ಹೆಂಡತಿ ಅಳಲೂ ತಿಳಿಯದವಳಂತೆ ಕೊಡ ಹಿಡಿದು ನಿಂತಿದ್ದಳು. ಗಂಡನ ಬಟ್ಟೆ ತೊಳೆಯಲು ನೀರು ಮುಗಿದಿತ್ತು.

ಮರುದಿನ ಎದುರು ಮನೆಯ ಮುದುಕ ಹೋದ. ಅದರ ಮರುದಿನ ದರ್ಜಿಯ ಹೆಂಡತಿ, ಎಳೆಕೂಸಿನ ತಾಯಿ, ಹಾಸಿಗೆ ಹಿಡಿದಳು. ಏಳೆಂಟು ಜನ ಮಲಗಿದರು. ಹಿರಿಯರು ದನಿ ತಗ್ಗಿಸಿ ಕಾಲರಾ ಎಂದರು. ತಾಲ್ಲೂಕಿನಿಂದ ಬಂದ ಹೆಲ್ತ್ ಇನ್ಸ್‌ಪೆಕ್ಟರು ಕರುಳುಬೇನೆ ಎಂದು ಬರೆದುಕೊಂಡರು. ಸಣ್ಣ ಮೈಯ, ಮೆತ್ತಗೆ ಮಾತಾಡುವ ಮನುಷ್ಯ. ಮನೆ ಮನೆಗೆ ಹೋಗಿ ಕುದಿಸಿ ಆರಿಸಿದ ನೀರಿಗೆ ಉಪ್ಪು ಸಕ್ಕರೆ ಕಲಸಿ ಚಮಚದಿಂದ ಕುಡಿಸುವುದನ್ನು ತಾವೇ ಕೂತು ತೋರಿಸಿದರು.

ನಮ್ಮ ಇಲಾಖೆಯ ಇಂಜಿನಿಯರೂ ಬಂದರು. ಮೊದಲ ಅನುಮಾನ ಟಾಕಿಯ ಮೇಲೆ. ಅದನ್ನು ಖಾಲಿ ಮಾಡಿ ನಾನು, ಪೈಪು ರಿಪೇರಿಯ ಮೇಸ್ತ್ರಿ ಏಣಿ ಇಳಿದೆವು. ತಳದಲ್ಲಿ ಗೇಣುದ್ದ ಕೆಸರು, ಎರಡು ಸತ್ತ ಓತಿಕ್ಯಾತ. ತೆಂಗಿನ ಪೊರಕೆಯಿಂದ ತಿಕ್ಕಿ, ಬಕೆಟ್ಟಿನಿಂದ ಎತ್ತಿ ಹಾಕಿ, ಗೋಡೆಗೆ ಸುಣ್ಣ ಬಳಿದು ಹೊರಗೆ ಬರುವಷ್ಟರಲ್ಲಿ ಒಂದು ಹಗಲು ಹೋಯಿತು. ಇಷ್ಟು ಹೊಲಸು ಇದ್ದ ಮೇಲೆ ಇದೇ ಕಾರಣ ಅಂತ ಎಲ್ಲರಿಗೂ ಅನ್ನಿಸಿತು. ಇನ್ಸ್‌ಪೆಕ್ಟರು ಮಾತ್ರ ಒಂದು ಪ್ರಶ್ನೆ ಎತ್ತಿದರು. ಟಾಕಿಯ ನೀರು ಇಡೀ ಊರು ಕುಡಿಯುತ್ತದೆ, ಬೇನೆ ಒಂದೇ ಓಣಿಯಲ್ಲಿ ಯಾಕಿದೆ?

ಎರಡನೆಯದು ಬ್ಲೀಚಿಂಗ್ ಪುಡಿ. ಡ್ರಮ್ಮಿನ ಮುಚ್ಚಳ ಯಾವತ್ತೋ ಮುರಿದಿತ್ತು. ಪುಡಿ ಗಾಳಿಗೆ ಸತ್ತು ಬರೀ ಸುಣ್ಣವಾಗಿತ್ತು, ಮೂಗಿಗೆ ಹಿಡಿದರೂ ವಾಸನೆ ಇರಲಿಲ್ಲ. ಅದನ್ನೇ ನಾವು ದಿನಾ ಅಳೆದು ಅಳೆದು ಹಾಕುತ್ತಿದ್ದೆವು. ಹರಪನಹಳ್ಳಿಯಿಂದ ಹೊಸ ಪುಡಿ ತರಿಸಿ, ನೀರಲ್ಲಿ ಕಲಸಿ ತಿಳಿ ಬಸಿದು ಟಾಕಿಗೆ ಹೊಯ್ದೆವು. ಇನ್ಸ್‌ಪೆಕ್ಟರ ಹತ್ತಿರ ಒಂದು ಮರದ ಪೆಟ್ಟಿಗೆ, ಅದರಲ್ಲಿ ಗಾಜಿನ ಕೊಳವೆಗಳು, ಒಂದು ಸೀಸೆ ಔಷಧ. ಕೊಳವೆಯ ನೀರಿಗೆ ಅದರ ಹನಿ ಬಿಟ್ಟಾಗ ಹಳದಿ ಬಂದರೆ ಪುಡಿಯ ಸತ್ವ ಅಲ್ಲಿಯವರೆಗೆ ಮುಟ್ಟಿದೆ ಎಂದರ್ಥ. ಟಾಕಿಯ ಬುಡದಲ್ಲಿ ಹಳದಿ. ಪಾಳಿಯ ದಿನ ದಿಬ್ಬದ ಓಣಿಯ ನಡುವೆಯೂ ಒಳ್ಳೆ ಅರಿಶಿನದ ಹಳದಿ. ಎಲ್ಲರೂ ಉಸಿರು ಬಿಟ್ಟರು. ಮರುದಿನ ಮತ್ತೆ ಮೂರು ಮನೆಯಲ್ಲಿ ವಾಂತಿ.

ಮೂರನೆಯ ಅನುಮಾನ ಓಣಿಯ ಬಾಯಲ್ಲಿ ಪೈಪು ಚರಂಡಿ ದಾಟುವ ಜಾಗ. ಬೀಡುಕಬ್ಬಿಣದ ಪೈಪು, ಸಣಬು ತುರುಕಿ ಸೀಸ ಕಾಯಿಸಿ ಹೊಯ್ದ ಬೆಸುಗೆ. ಅದು ಸಡಿಲಾದರೆ ಚರಂಡಿ ಒಳಗೆ ಇಳಿಯುತ್ತದೆ ಅಂತ ಇಂಜಿನಿಯರ ಲೆಕ್ಕ. ಎರಡು ದಿನ ಅಗೆದೆವು. ನಾಲ್ಕು ಜನ ಸೊಂಟದವರೆಗೆ ಕೊಚ್ಚೆಯಲ್ಲಿ ನಿಂತು ಮೂರು ಬೆಸುಗೆ ಬಿಡಿಸಿ ನೋಡಿದೆವು. ಸೀಸ ಕಲ್ಲಿನ ಹಾಗೆ ಕೂತಿತ್ತು, ಒಳಗಿನ ಸಣಬು ಒಣಗಿಯೇ ಇತ್ತು. ಮೇಸ್ತ್ರಿ ದಂಡೆಯ ಮೇಲೆ ಕುಸಿದು ಕೂತು, “ಲೇ, ಪೈಪು ಸರಿ ಐತಿ, ಟಾಕಿ ಸರಿ ಐತಿ, ನೀರು ಹಳದಿ ಬರ್ತೈತಿ. ಮತ್ತ ಜನ ಯಾಕ ಸಾಯಾಕ ಹತ್ಯಾರ?” ಎಂದ.  ದರ್ಜಿಯ ಹೆಂಡತಿಯ ಹೆಣ ಅದೇ ಹೊತ್ತಿಗೆ ನಮ್ಮ ಮುಂದೆ ದಾಟಿತು. ಅವಳ ಕೂಸನ್ನು ಯಾರೋ ಎತ್ತಿಕೊಂಡು ಬೇರೆ ಕಡೆ ಹೋಗಿದ್ದರು.

ಅಷ್ಟರಲ್ಲಿ ಇಂಜಿನಿಯರು ವರದಿ ಸಿದ್ಧ ಮಾಡುತ್ತಿದ್ದರು. ಹಳೆಯ ಪೈಪು, ಬೆಸುಗೆ ದೋಷ, ದುರಸ್ತಿ ಮಾಡಲಾಗಿದೆ ಎಂದು. ಇನ್ಸ್‌ಪೆಕ್ಟರು ಒಪ್ಪಲಿಲ್ಲ. ಬೇನೆ ಬಿದ್ದ ಮನೆಗಳಿಗೆ ಓಣಿಯ ನಕ್ಷೆಯಲ್ಲಿ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿಕೊಂಡಿದ್ದರು. ಬುಡದಿಂದ ನಡುವಿನ ತನಕ ಗುರುತೇ ಗುರುತು. ಮೇಲಿನ ನಾಲ್ಕು ಮನೆಯಲ್ಲಿ ಒಂದೂ ಇಲ್ಲ. ಒಂದೇ ಪೈಪು, ಒಂದೇ ನೀರು, ಕಡೆಯವರು ಹೇಗೆ ಉಳಿದರು ಅಂತ ನನ್ನನ್ನು ಕೇಳಿದರು. ದಿಬ್ಬ ಏರುವ ನೀರು ಅವರಿಗೆ ಕಡೆಗೆ ಸಿಗುತ್ತದ್ರಿ ಅಂದೆ. ಅಷ್ಟೇ ನನಗೆ ಗೊತ್ತಿದ್ದದ್ದು.

ಮುಂದಿನ ಪಾಳಿಯ ದಿನ ವಾಲ್ವ್ ಮುಚ್ಚಿದ ಮೇಲೆ ನಾನು ಬೇರೆ ಓಣಿಗೆ ಹೋಗಲಿಲ್ಲ. ಮೇಲಿನ ನಾಲ್ಕು ಮನೆ ತಲೆಯಲ್ಲಿ ಕೊರೆಯುತ್ತಿತ್ತು. ಮೇಸ್ತ್ರಿಗೆ ಚಾವಿ ಕೊಟ್ಟು ದಿಬ್ಬ ಹತ್ತಿದೆ. ಅವ್ವ ಗುಂಡಿಯ ದಂಡೆಯಲ್ಲಿ ಕೂತು ಭತ್ತದ ಮೊರ ತೊಳೆಯುತ್ತಿದ್ದಳು. ಗುಂಡಿಯಲ್ಲಿ ಮೊಣಕಾಲು ಮಟ್ಟ ಬಗ್ಗಡ ನೀರು, ಅದರ ಮೇಲೆ ತೌಡು, ನಾಲ್ಕು ಕಾಳು ಮಂಡಕ್ಕಿ ತೇಲುತ್ತಿದ್ದವು. ಪೈಪಿನ ಬಾಯಿ ಆ ನೀರಿನೊಳಗೆ ಮುಳುಗಿತ್ತು. ಕೂರು ಅಂದಳು. ಕೂತೆ.

ಸ್ವಲ್ಪ ಹೊತ್ತಿಗೆ ಪೈಪು ಉಸಿರೆಳೆಯಿತು. ನೀರು ಬರುವಾಗ ಬಿಡುವ ಉಸಿರಲ್ಲ, ಒಳಗೆ ಎಳೆದುಕೊಳ್ಳುವ ಉಸಿರು. ಗುಂಡಿಯ ನೀರು ಮೆಲ್ಲಗೆ ತಿರುಗತೊಡಗಿತು. ಒಂದು ಬಿಳಿ ಮಂಡಕ್ಕಿ ಕಾಳು ಸುತ್ತು ಹಾಕುತ್ತಾ ಹಾಕುತ್ತಾ ಪೈಪಿನ ಬಾಯಿಯ ಹತ್ತಿರ ಬಂತು, ಒಳಗೆ ಹೋಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ತೌಡು. ಮೊಣಕಾಲು ಮಟ್ಟದ ನೀರು ಪಾದದ ಮಟ್ಟಕ್ಕೆ ಇಳಿಯಿತು. ಹನ್ನೊಂದು ವರ್ಷ ನಾನು ಬೆನ್ನು ತಿರುಗಿಸಿದ ಮೇಲೆ ಇದೇ ಆಗುತ್ತಿತ್ತು. ಬುಡದಲ್ಲಿ ವಾಲ್ವ್ ಮುಚ್ಚುತ್ತಲೇ ಪೈಪಿನೊಳಗಿನ ನೀರು ಇಳಿಜಾರಿಗೆ ಜಾರುತ್ತದೆ, ಕೆಳಗಿನ ಮನೆಗಳ ತೆರೆದ ಬಾಯಿಂದ ಹೊರಗೆ ಬೀಳುತ್ತದೆ. ವಾಲ್ವ್ ಮುಚ್ಚಿದ ಮೇಲೂ ಒಂದೆರಡು ಕೊಡ ಸಿಗುತ್ತದೆಂದು ಬಡಿಗ ಹಿಗ್ಗುತ್ತಿದ್ದದ್ದು ಅದಕ್ಕೆ. ಖಾಲಿಯಾದ ಪೈಪು ಮೇಲಿನ ಗುಂಡಿಗಳಿಂದ ಎಳೆದುಕೊಂಡು ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಆ ಬಗ್ಗಡ ಮೂರು ದಿನ ಪೈಪಿನಲ್ಲಿ ಕೂತು, ನಾನು ಮತ್ತೆ ವಾಲ್ವ್ ತೆರೆದಾಗ ಎಲ್ಲಕ್ಕಿಂತ ಮೊದಲು ಕೆಳಗಿನ ಮನೆಗಳ ಕೊಡಕ್ಕೆ ಬೀಳುತ್ತದೆ. ಇನ್ಸ್‌ಪೆಕ್ಟರು ಕೊಳವೆ ಹಿಡಿಯುವ ಹೊತ್ತಿಗೆ ಪೈಪು ತೊಳೆದುಹೋಗಿರುತ್ತದೆ, ಹಳದಿ ಬರುತ್ತದೆ. ಆದರೆ ಮೊದಲ ಕೊಡ ಆಗಲೇ ಜಗಲಿ ಸೇರಿರುತ್ತದೆ.

ಮೀಸಲು. ಓಣಿಯೆಲ್ಲ ಎಂಜಲು ಮಾಡದೆ ಕೈಮುಗಿದು ಕುಡಿಯುತ್ತಿದ್ದದ್ದು ಅದನ್ನು.

ಅವ್ವ ಗುಂಡಿಯನ್ನೇ ನೋಡುತ್ತಿದ್ದಳು. ಓದು ಬಾರದವಳು, ಆದರೆ ನನಗಿಂತ ಚುರುಕು.

“ಆವತ್ತು ಅಕ್ಕನ ಬಟ್ಟಿ ಹಿಂಡಿದ್ನಲ್ಲ, ಆ ನೀರೂ ಹಿಂಗ ಹೋತನು?”

ಅಕ್ಕನಿಗೆ ಏನಾಗಿತ್ತು ಎಂದು ಕೇಳಿದೆ. ಒಂದೇ ದಿನದಲ್ಲಿ ಮೇಲೂ ಕೆಳಗೂ ಕಿತ್ತುಕೊಂಡು ಹೋದಳೆಂದೂ, ಕಡೆತನಕ ತಾನೇ ಬಳಿದು ತೊಳೆದೆನೆಂದೂ ಹೇಳಿದಳು.  ಬೀಡಿ ಸೇದುತ್ತಾ ಬಿಟ್ಟ ಆ ಕಾಲು ತಾಸಿನ ನೀರು ಕಣ್ಣ ಮುಂದೆ ಬಂತು.

“ಎಲ್ಲಾರ ಮನಿ ಗುಂಡೀನೂ ಹಿಂಗ ಅದಾವವ್ವ,” ಎಂದೆ.

“ನಾ ಕೇಳಿದ್ದು ನನ್ನ ಗುಂಡಿ.”

“ಈ ಗುಂಡಿ ತೋಡಿದವ ನಾನು.”

ಅವಳು ಸೆರಗಿನಿಂದ ಕೈ ಒರೆಸಿಕೊಂಡು ಎದ್ದಳು. ಓಣಿಗೆ ಇಳಿದು ಹೇಳಿಬರುತ್ತೇನೆ, ಬಡಿಗನ ಹೆಂಡತಿಗೆ ಮೊದಲು ಹೇಳಬೇಕು ಎಂದಳು. ನಾನು ಅವಳ ಕೈ ಹಿಡಿದು ಕೂರಿಸಿದೆ. ಹಾಗೆ ಅವಳ ಕೈ ಹಿಡಿದದ್ದು ಅದೇ ಮೊದಲು. ಆ ಹೊತ್ತಿನಲ್ಲಿ ನನಗೆ ತೋಚಿದ್ದು ಕರುಣೆಯೋ ಕೆಲಸದ ಮಾತೋ ಇವತ್ತಿಗೂ ಬಿಡಿಸಿ ಹೇಳಲಾರೆ.

“ನೀ ಹೇಳಿದ್ರ ಅವ್ರು ಗುಂಡಿ ಮುಚ್ಚಂಗಿಲ್ಲವ್ವ, ನಿನ್ನ ಮನಿ ಮುಚ್ಚತಾರ. ತಪ್ಪು ನಿಂದು ಅಂತ ಗೊತ್ತಾದ ಕೂಡ್ಲೆ ಅವ್ರ ಗುಂಡಿ ಅವ್ರಿಗೆ ಸುದ್ದ ಕಾಣ್ತೈತಿ. ಈಗ ಬ್ಯಾನಿ ಬಿದ್ದವ್ರ ಬಟ್ಟಿ ಎಲ್ಲಾ ಆ ಗುಂಡ್ಯಾಗ ಹಿಂಡಾಕ ಹತ್ಯಾರ. ಅವು ಮುಚ್ಚಬೇಕು. ಮೊದ್ಲು ಅವು ಮುಚ್ಚಬೇಕು.”

 ಅವ್ವ ಮೊರ ಎತ್ತಿಕೊಂಡು ಒಳಗೆ ಹೋದಳು. ನನ್ನ ಕಡೆ ನೋಡಲಿಲ್ಲ.

ಇನ್ಸ್‌ಪೆಕ್ಟರಿಗೆ ಗುಂಡಿಯ ಸಂಗತಿ ಹೇಳಿದೆ, ಅವ್ವನ ಅಕ್ಕನ ಸಂಗತಿ ಬಿಟ್ಟೆ. ಬಾಯಿಮಾತಿಗೆ ಯಾರೂ ಗುಂಡಿ ಮುಚ್ಚುವುದಿಲ್ಲ, ಕಣ್ಣಿಗೆ ತೋರಿಸಬೇಕು ಅಂತ ಇಬ್ಬರಿಗೂ ಅನ್ನಿಸಿತು. ಬಟ್ಟೆಗೆ ಹಾಕುವ ನೀಲಿ ಕಲಸಿ ಮೇಲಿನ ಗುಂಡಿಯಲ್ಲಿ ಹೊಯ್ದರೆ ಮುಂದಿನ ಪಾಳಿಗೆ ಕೆಳಗಿನವರ ಕೊಡದಲ್ಲಿ ಕಾಣುತ್ತದೆ. ಅವರು ನಕ್ಷೆ ಬಿಡಿಸಿ, ತುದಿಯ ಮನೆಯ ಗುಂಡಿ ಒಂದಕ್ಕೆ ಹಾಕಿದರೆ ಸಾಕು, ಎಳೆತ ಅಲ್ಲೇ ಜಾಸ್ತಿ ಎಂದರು. ಅದು ಅವ್ವನ ಮನೆ. ಒಂದಕ್ಕೆ ಬೇಡ್ರಿ, ಆ ಸಾಲಿನ ನಾಲ್ಕಕ್ಕೂ ಹಾಕೋಣ ಎಂದೆ. ನಾಲ್ಕಕ್ಕೆ ಯಾಕೆಂದು ಕೇಳಿದರು. ನಾನು ನೆಲ ನೋಡಿದೆ. ಕೆಂಪು ಪೆನ್ಸಿಲ್ ಸ್ವಲ್ಪ ಹೊತ್ತು ನಕ್ಷೆಯ ಮೇಲೆ ನಿಂತಿತು.

“ಆಯ್ತು, ನಾಲ್ಕಕ್ಕೂ ಹಾಕ್ರಿ,” ಎಂದು ನಕ್ಷೆ ಮಡಚಿದರು.

ನಡುವೆ ತಡ ಮಾಡಲಿಲ್ಲ. ಮರುದಿನವೇ ಬೇರೆ ಓಣಿಯ ಪಾಳಿ ಕಡಿದು ದಿಬ್ಬದ ಓಣಿಗೆ ಅರ್ಧ ತಾಸು ನೀರು ಬಿಟ್ಟು, ಮುಚ್ಚುವ ಮೊದಲು ನಾಲ್ಕು ಗುಂಡಿಗೂ ಬಕೆಟ್ಟು ಬಕೆಟ್ಟು ನೀಲಿ ಸುರಿದೆ. ಅದರಾಚೆಯ ದಿನ ಓಣಿಯವರನ್ನೆಲ್ಲ ಬಡಿಗನ ಕಟ್ಟೆಯ ಹತ್ತಿರ ಸೇರಿಸಿ ವಾಲ್ವ್ ತೆರೆದೆ. ಗಾಳಿ ಸುಯ್‌ಗುಟ್ಟಿತು. ಬಡಿಗನ ಹೆಂಡತಿ ರೂಢಿಯಂತೆ ಹಿತ್ತಾಳೆಯ ಮೀಸಲು ಕೊಡ ಇಟ್ಟಳು. ಕೊಡಕ್ಕೆ ಬಿದ್ದದ್ದು ನೀಲಿ ನೀರು. ಪಕ್ಕದ ಗುಂಡಿಯಲ್ಲೂ ನೀಲಿ. ಎದುರು ಮನೆಯಲ್ಲೂ ನೀಲಿ.  ಒಬ್ಬ ಮುದುಕಿ ಕೊಡದೊಳಗೆ ಬಗ್ಗಿ ನೋಡಿ ಮೆಲ್ಲಗೆ ಶಿವ ಶಿವಾ ಎಂದಳು. ನಾಲ್ಕೈದು ಕೊಡ ಆಚೆಗೆ ಚೆಲ್ಲಿದ ಮೇಲೆ ನೀರು ತಿಳಿಯಾಯಿತು, ಇನ್ಸ್‌ಪೆಕ್ಟರ ಕೊಳವೆಯಲ್ಲಿ ಹಳದಿ ಬಂತು.

ಆಮೇಲೆ ನಾನು ಮಾತಾಡಿದೆ. ಯಾರ ಗುಂಡಿಯದೆಂದು ಹುಡುಕಬೇಡಿ, ಎಲ್ಲ ಗುಂಡಿಯೂ ಇದನ್ನೇ ಮಾಡುತ್ತದೆ, ಈ ಓಣಿಯಲ್ಲಿ ಮೊದಲ ಗುಂಡಿ ತೋಡಿದವನು ನಾನು, ನಿಮಗೆಲ್ಲ ಕಲಿಸಿದವನೂ ನಾನು ಎಂದೆ. ಮಾತು ಮುಗಿಯುವ ಮೊದಲೇ ಬಡಿಗನ ತಮ್ಮ ಬಂದು ನನ್ನ ಕೆನ್ನೆಗೆ ಹೊಡೆದ. ಎರಡನೆಯ ಏಟಿಗೆ ಕೈ ಎತ್ತಿದಾಗ ಮೇಸ್ತ್ರಿ ನಡುವೆ ಬಂದ. ಬಿಡು ಅಂದೆ. ಜನರ ಹಿಂದೆ, ಗೋಡೆಗೆ ಆತು ಅವ್ವ ನಿಂತಿದ್ದಳು. ಅವಳ ತುಟಿ ಅಲುಗಿದ್ದು ಕಂಡೆ. ಬೇಡವೆಂದು ತಲೆ ಅಲ್ಲಾಡಿಸಿದೆ. ಅವಳು ಸುಮ್ಮನಾದಳು.

ಅದೇ ದಿನ ಗುಂಡಿಗಳನ್ನು ಮುಚ್ಚಲು ಶುರು ಮಾಡಿದೆವು. ಯಾರೂ ತಡೆಯಲಿಲ್ಲ, ಯಾರೂ ಕೈ ಹಚ್ಚಲೂ ಇಲ್ಲ. ಮೊದಲು ಸುಣ್ಣ ಸುರಿದು, ಮೇಲೆ ಗರಸು ತುಂಬಿ, ದಮ್ಮಸು ಹೊಡೆದು, ಪೈಪನ್ನು ಮತ್ತೆ ಸೊಂಟದೆತ್ತರ ಏರಿಸಿ ತಿರುಪಿನ ನಳ ಕೂಡಿಸುತ್ತಾ ದಿಬ್ಬ ಹತ್ತಿದೆವು. ಬೇನೆ ಅಷ್ಟಕ್ಕೆ ನಿಲ್ಲಲಿಲ್ಲ. ದವಾಖಾನೆಯಲ್ಲಿದ್ದ ನಾಲ್ಕನೆಯವನು, ಒಬ್ಬ ಹಮಾಲ, ಆ ವಾರವೇ ತೀರಿಹೋದ. ಆದರೆ ಅವನ ಬಳಿಕ ಯಾರೂ ಸಾಯಲಿಲ್ಲ. ಹೊಸದಾಗಿ ಮಲಗುವವರು ಕಡಿಮೆಯಾಗುತ್ತಾ ಬಂದು ನಿಂತರು. ಕಟ್ಟಕಡೆಯ ಗುಂಡಿ ಅವ್ವನದು. ಅದನ್ನು ನಾನೊಬ್ಬನೇ ಮುಚ್ಚಿದೆ. ನಳ ನಿಲ್ಲಿಸಿ, ಪಾಳಿಯ ದಿನ ತಿರುವಿ ನೋಡಿದರೆ ಗಾಳಿ ಬಂತು, ನೀರು ಬರಲಿಲ್ಲ. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಇಂಜಿನಿಯರ ವರದಿಯಲ್ಲಿ ಏನಿತ್ತೋ ನಾನು ನೋಡಲಿಲ್ಲ. ಇನ್ಸ್‌ಪೆಕ್ಟರು ತಮ್ಮದರಲ್ಲಿ ‘ಮೇಲಿನ ಸಾಲಿನ ನಳಗುಂಡಿಗಳು’ ಎಂದು ಬರೆದಿದ್ದನ್ನು ಮಾತ್ರ ತೋರಿಸಿದರು. ನನಗೆ ಮೆಮೊ ಬಂತು. ಇಲಾಖೆಯ ಪೈಪನ್ನು ಅಪ್ಪಣೆ ಇಲ್ಲದೆ ಬಿಚ್ಚಿದ್ದಕ್ಕೆ. ಒಂದು ವರ್ಷ ಹಳ್ಳದ ಪಂಪ್‌ಹೌಸಿಗೆ ಹಾಕಿ, ಆಮೇಲೆ ಬೇರೆ ಯಾರಿಗೂ ಓಣಿಗಳ ಪಾಳಿ ತಿಳಿಯದೆಂದು ಮತ್ತೆ ಚಾವಿ ಕೊಟ್ಟರು.

ಮೊದಲ ದಿನ ದಿಬ್ಬದ ಓಣಿಗೆ ಹೋಗಿ ಚಪ್ಪಡಿ ಸರಿಸಿ ವಾಲ್ವ್ ತೆರೆದೆ. ಮೇಲಿನ ಅರ್ಧ ಓಣಿಯವರೆಲ್ಲ ಈಗ ಬುಡಕ್ಕೆ ಇಳಿದು, ಬಡಿಗನ ಕಟ್ಟೆಯ ಪಕ್ಕ ಹೊಸದಾಗಿ ಹಾಕಿದ ಬೀದಿ ನಳದಲ್ಲಿ ತುಂಬಿಸಿಕೊಂಡು ಹೋಗುತ್ತಿದ್ದರು. ಭಟ್ಟಿ ತಣ್ಣಗಾಗಿ ವರ್ಷವಾಗಿತ್ತೆಂದು ಅಲ್ಲೇ ತಿಳಿಯಿತು. ಅವ್ವ ಮಂಡಕ್ಕಿ ಬಿಟ್ಟು ಕೂಲಿಗೆ ಹೋಗುತ್ತಿದ್ದಳು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಅವಳೇ ನಿಂತಿದ್ದಳು, ಕೈಯಲ್ಲಿದ್ದದ್ದು ಬಡಿಗನ ಹೆಂಡತಿಯ ಹಿತ್ತಾಳೆ ಕೊಡ. ಮೊದಲ ನೀರು ಚೆಲ್ಲಿ, ಕೊಡ ಬೆಳಗಿ, ತುಂಬಿಸಿ ಒಳಗೆ ಇಟ್ಟು ಬಂದಳು. ಆಮೇಲೆ ದರ್ಜಿಯ ಮನೆಯದು, ಅವನಿಗೆ ಹೆಂಗಸಿನ ದಿಕ್ಕಿರಲಿಲ್ಲ. ಆಮೇಲೆ ಹಮಾಲನ ಮನೆಯದು. ಎದುರು ಮನೆಯ ಮುದುಕನ ಸೊಸೆಯ ಬಿಂದಿಗೆ. ಒಂದೊಂದಾಗಿ ಸಾವಾದ ನಾಲ್ಕೂ ಮನೆ. ಅವಳದು ಒಂದು ಮಣ್ಣಿನ ಕೊಡ ಸಾಲಿನ ತುದಿಗೆ ಒಂಟಿಯಾಗಿ ಕೂತಿತ್ತು.

ಬಡಿಗನ ಹೆಂಡತಿ ಕಟ್ಟೆಯಿಂದಲೇ ನನ್ನನ್ನು ಮಾತಾಡಿಸಿದಳು. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಅವ್ವನ ಕಡೆ ಕೈ ಮಾಡಿ, “ನೋಡ್ರಿ ವಾಲ್‌ಮನ್ನಾರ, ವರ್ಷ ಆತು, ಒಂದ ಪಾಳಿ ತಪ್ಪಿಸಿಲ್ಲ. ಹಡದವ್ವ ಹಿಂಗ ಮಾಡಂಗಿಲ್ಲ,” ಎಂದಳು. ಆಮೇಲೆ ಅವ್ವನಿಗೇ ಕೇಳುವ ಹಾಗೆ ನಗುತ್ತಾ, “ಸಾಕು ಬಿಡವ್ವಾ, ನೀ ಗಳಿಸಿದ ಪುಣ್ಯ ಬಾಳ ಆತು,” ಎಂದಳು.

ಅವ್ವ ನನ್ನನ್ನು ನೋಡಲಿಲ್ಲ. ತನ್ನ ಕೊಡವನ್ನು ನಳದ ಕೆಳಗೆ ಸರಿಸುತ್ತಾ, “ಇನ್ನೂ ಆಗಿಲ್ಲವ್ವ,” ಎಂದಳು.

ಓಣಿಯ ಹೆಂಗಸರು ನಕ್ಕರು. ಮುದುಕಿಯ ಹಟ ಎಂದುಕೊಂಡಿರಬೇಕು. ಅವಳು ಕೊಡವನ್ನು ಸೊಂಟಕ್ಕೆ ಏರಿಸಿ, ಒಂದು ಕೈಯಿಂದ ಗೋಡೆ ಹಿಡಿಯುತ್ತಾ ದಿಬ್ಬ ಹತ್ತಿದಳು.